ತುಟಿಯ ಗುಳ್ಳೆಯಿಂದ ಕ್ಯಾನ್ಸರ್ ಮದ್ದಿನವರೆಗೆ

ಹೋದ ವಾರ ಜ್ವರ ಬಂದು ಹೋದಮೇಲೆ ತುಟಿಯಂಚಿನಲ್ಲಿ ಒಂದು ಗುಳ್ಳೆ ಎದ್ದಿತ್ತು. "ಜ್ವರ ಬಿಡ್ತು ಅಂತ ಲೆಕ್ಕ ಕಣೋ" ಅಂದಳು ಅಮ್ಮ. ಅಸಲಿಗೆ ಅದು ಹರ್ಪಿಸ್ ವೈರಸ್ಸಿನ ಕೆಲಸ. ಅದರ ಬಗ್ಗೆ ಓದುತ್ತಾ ಕೂತವನಿಗೆ ಸಿಕ್ಕಿದ್ದು ಬೇರೆಯೇ ಕತೆ. ಇದೇ ವೈರಸ್ಸನ್ನು ಪಳಗಿಸಿ ಕ್ಯಾನ್ಸರಿಗೆ ಮದ್ದು ಮಾಡಿದ್ದಾರೆ!

ಕತೆ ಹಳೆಯದು. 1904ರಲ್ಲಿ ಅಮೆರಿಕದ ವೈದ್ಯ ಜಾರ್ಜ್ ಡಾಕ್ ಒಂದು ವಿಚಿತ್ರ ಪ್ರಕರಣವನ್ನು ಬರೆದಿಟ್ಟರು. ರಕ್ತದ ಕ್ಯಾನ್ಸರ್ ಇದ್ದ ಮಹಿಳೆಯೊಬ್ಬಳಿಗೆ ಫ್ಲೂ ತಗುಲಿತ್ತು. ಆಮೇಲೆ ಕೆಲಕಾಲ ಆಕೆಯ ಬಿಳಿ ರಕ್ತಕಣಗಳು ಇಳಿದವು. ಫ್ಲೂ ಬರುವುದು ವೈರಸ್ಸಿನಿಂದ ಎಂಬುದೇ ಆಗ ಗೊತ್ತಿರಲಿಲ್ಲ.

ಗೊತ್ತಾದಮೇಲೆ ಶುರುವಾಯಿತು ನೋಡಿ ದುಡುಕು. ನ್ಯೂಯಾರ್ಕಿನ ಚೆಸ್ಟರ್ ಸೌದಮ್ ಮತ್ತು ಆಲಿಸ್ ಮೂರ್, ರೋಗ ಉಲ್ಬಣಿಸಿದ್ದ 34 ಕ್ಯಾನ್ಸರ್ ರೋಗಿಗಳಿಗೆ ವೆಸ್ಟ್ ನೈಲ್ ವೈರಸ್ಸನ್ನೇ ಚುಚ್ಚಿ, 1952ರಲ್ಲಿ ವರದಿ ಮಾಡಿದರು. ಕೆಲವರ ಗೆಡ್ಡೆ ಕುಗ್ಗಿತು. ಕೆಲವರಿಗೆ ಮಿದುಳಿನ ಉರಿಯೂತ ಬಂತು. ಇದೇ ಸೌದಮ್ 1963ರಲ್ಲಿ ಬ್ರೂಕ್ಲಿನ್ನಿನಲ್ಲಿ, ಬೇರೊಂದು ಪ್ರಯೋಗಕ್ಕಾಗಿ, 22 ರೋಗಿಗಳಿಗೆ ವಿಷಯ ತಿಳಿಸದೆ ಕ್ಯಾನ್ಸರ್ ಜೀವಕೋಶಗಳನ್ನು ಚುಚ್ಚಿಸಿ ವಿಚಾರಣೆ ಎದುರಿಸಬೇಕಾಯಿತು.

ದಾರಿ ತೆರೆದದ್ದು 1991ರಲ್ಲಿ. ರಾಬರ್ಟ್ ಮಾರ್ಟುಜಾ ಅವರ ತಂಡ ಇನ್ನೂ ಜೋರಾದ ವೈರಸ್ ಹುಡುಕಲಿಲ್ಲ. ಇದ್ದದ್ದರ ಹಲ್ಲು ಕಿತ್ತಿತು. ಹರ್ಪಿಸ್ ವೈರಸ್ ತನ್ನ ಡಿಎನ್‌ಎ ನಕಲು ಮಾಡಲು ಬಳಸುವ ಒಂದು ಕಿಣ್ವದ ಜೀನ್ ತೆಗೆದರು. ವಿಭಜನೆಯಾಗದ ಮಿದುಳಿನ ಜೀವಕೋಶದಲ್ಲಿ ಅದಕ್ಕೆ ಉಪವಾಸ. ಸದಾ ವಿಭಜನೆಯಾಗುವ ಗೆಡ್ಡೆಯಲ್ಲಿ ಮಾತ್ರ ಊಟ. ಇಲಿಗಳಲ್ಲಿ ಇದು ಫಲ ಕೊಟ್ಟಿತು.

ಮುಂದೆ ಹರ್ಪಿಸಿನ ಬೇರೆ ಜೀನುಗಳನ್ನು ಕಿತ್ತು, ರೋಗನಿರೋಧಕ ಶಕ್ತಿಯನ್ನು ಎಚ್ಚರಿಸುವ ಮನುಷ್ಯನ ಜೀನೊಂದನ್ನು ಸೇರಿಸಿ ಟಿ-ವೆಕ್ ಮಾಡಿದರು. ಮೆಲನೋಮಾ ಎಂಬ ಚರ್ಮದ ಕ್ಯಾನ್ಸರಿಗೆ 2015ರಲ್ಲಿ ಅಮೆರಿಕ ಒಪ್ಪಿಗೆ ಕೊಟ್ಟಿತು. ಗೆಡ್ಡೆಗೇ ನೇರ ಚುಚ್ಚಬೇಕು. ಪ್ರಯೋಗದಲ್ಲಿ ದೀರ್ಘಕಾಲ ನಿಲ್ಲುವ ಫಲ ಸಿಕ್ಕಿದ್ದು ಸುಮಾರು 16% ರೋಗಿಗಳಿಗೆ. 2021ರಲ್ಲಿ ಜಪಾನ್, ಮಿದುಳಿನ ಗೆಡ್ಡೆಗೆ ಇಂಥದೇ ಇನ್ನೊಂದು ಹರ್ಪಿಸ್ ಮದ್ದಿಗೆ ಷರತ್ತಿನ ಒಪ್ಪಿಗೆ ನೀಡಿತು.

ಇಷ್ಟೆಲ್ಲ ಅಮ್ಮನಿಗೆ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಇದು ಆಗಲೇ ಇದ್ದಿದ್ರೆ ನಿಮ್ಮತ್ತೆ ಉಳೀತಿದ್ಲೇನೋ?" ಅಂದಳು. ಅತ್ತೆಗಿದ್ದದ್ದು ಸ್ತನ ಕ್ಯಾನ್ಸರ್. "ಇಲ್ಲಮ್ಮ, ಇದು ಅದಕ್ಕಲ್ಲ" ಅಂದೆ. ಹೌದು ಅಂದುಬಿಡೋಣ ಅನ್ನಿಸಿತ್ತು. ಆದರೆ ರೋಗಿಗೆ, ರೋಗಿಯ ಮನೆಯವರಿಗೆ ನಿಜ ಹೇಳದೆ ಇದ್ದವರ ಕತೆಯನ್ನು ಆಗಷ್ಟೇ ಓದಿ ಎದ್ದಿದ್ದೆ.

ನೀವಾಗಿದ್ರೆ ಏನಂತಿದ್ರಿ?