ಮೂರು ವರ್ಷದ ಯೋಜನೆ, ಹತ್ತು ವರ್ಷದ ತಾಲೀಮು

ಹುಕ್ಕೇರಿ, ಗೋಕಾಕ, ಮೂಡಲಗಿ ಭಾಗದ ಎಷ್ಟೋ ಊರುಗಳಲ್ಲಿ ಜಂಗೀ ನಿಕಾಲಿ ಕುಸ್ತಿ ಆಗದೆ ಜಾತ್ರೆ ಮುಗಿಯುವುದಿಲ್ಲ. ಯಾವ ಜೋಡಿಗೆ ಯಾರ ಇನಾಮು ಎಂಬುದು ಹ್ಯಾಂಡ್‌ಬಿಲ್ಲಿನಲ್ಲಿ ಅಚ್ಚಾಗಿರುತ್ತದೆ, ಕಣದಲ್ಲಿ ಮೈಕಿನಲ್ಲೂ ಕೂಗುತ್ತಾರೆ: ಮೊದಲನೇ ಜೋಡಿಗೆ ಊರ ಗೌಡರು, ಎರಡನೆಯದಕ್ಕೆ ಸೊಸೈಟಿ, ಮೂರನೆಯದಕ್ಕೆ ಟ್ರ್ಯಾಕ್ಟರ್ ಡೀಲರು. ಆಟಕ್ಕೆ ಉಳ್ಳವರಿಂದ ದುಡ್ಡು ಎತ್ತುವುದನ್ನು ಈ ಸೀಮೆಗೆ ಯಾವ ಕಂಪನಿ ಕಾಯ್ದೆಯೂ ಕಲಿಸಬೇಕಾಗಿರಲಿಲ್ಲ. ಇಲ್ಲಿ ಕೇಳಬೇಕಾದ ಪ್ರಶ್ನೆ ಬೇರೆ. ಕೊಟ್ಟ ದುಡ್ಡು ಎಷ್ಟು ವರ್ಷ ನಿಂತಿತು? ಸ್ಮರಣ ಸಂಚಿಕೆಗಳಲ್ಲಿ ದಾನಿಗಳ ಹೆಸರು, ದಾನದ ಮೊತ್ತ ತಪ್ಪದೆ ಬರುತ್ತವೆ. ದಾನದ ಆಯುಷ್ಯವನ್ನು ಯಾರೂ ಮುದ್ರಿಸುವುದಿಲ್ಲ. ಬಡವರ, ದೂರದ ಊರುಗಳ ಮಕ್ಕಳ ಕ್ರೀಡೆಗೆ ಕಂಪನಿಗಳ ಹಣ ಖಂಡಿತ ಬೇಕು. ಆದರೆ ತರಬೇತುದಾರನ ಸಂಬಳ, ಮೈದಾನ, ಮಕ್ಕಳ ಊಟ ಈ ಮೂರನ್ನು ಆ ಹಣದ ಮೇಲೆ ನಿಲ್ಲಿಸಬಾರದು, ಇವು ಊರಿನ ಸಂಸ್ಥೆಗಳ ಕೈಯಲ್ಲೇ ಇರಬೇಕು ಎಂಬುದು ನನ್ನ ವಾದ.

ಇದಕ್ಕೆ ಮೊದಲ ಸಾಕ್ಷಿ ನೆರೆಯ ಕೊಲ್ಹಾಪುರದಲ್ಲೇ ಸಿಗುತ್ತದೆ. ಶಾಹೂ ಮಹಾರಾಜರ ಕಾಲದಲ್ಲಿ, 1912ರಲ್ಲಿ, ಅಲ್ಲಿ ಖಾಸಬಾಗ್ ಕುಸ್ತಿ ಮೈದಾನ ಎದ್ದಿತು. ಪೈಲ್ವಾನರಿಗೆ ಅರಮನೆಯೇ ಖುರಾಕು ಕೊಡುತ್ತಿತ್ತು. ಖಾಶಾಬಾ ಜಾಧವ 1948ರಲ್ಲಿ ಲಂಡನ್ ಒಲಿಂಪಿಕ್ಸಿಗೆ ಹೋದದ್ದು ಕೊಲ್ಹಾಪುರದ ಮಹಾರಾಜರ ಖರ್ಚಿನಲ್ಲಿ. ಮರುವರ್ಷವೇ ಸಂಸ್ಥಾನ ಮುಂಬೈ ಪ್ರಾಂತದಲ್ಲಿ ವಿಲೀನವಾಯಿತು. 1952ರ ಹೆಲ್ಸಿಂಕಿಗೆ ಹೊರಡುವ ಹೊತ್ತಿಗೆ ಆ ರಾಜಾಶ್ರಯ ಉಳಿದಿರಲಿಲ್ಲ. ಆಗ ಕೈಹಿಡಿದವರು ವಂತಿಗೆ ಎತ್ತಿದ ಊರಿನ ಜನ, ಮತ್ತು ಮನೆ ಅಡವಿಟ್ಟು 7,000 ರೂಪಾಯಿ ಕೊಟ್ಟ ರಾಜಾರಾಮ ಕಾಲೇಜಿನ ಪ್ರಾಚಾರ್ಯ ಖರ್ಡೀಕರ್. ಸ್ವತಂತ್ರ ಭಾರತಕ್ಕೆ ಮೊದಲ ವೈಯಕ್ತಿಕ ಒಲಿಂಪಿಕ್ ಪದಕ ಬಂದದ್ದು ಹೀಗೆ. ಈ ಕಥೆಯನ್ನು ತ್ಯಾಗದ ಕಥೆಯಾಗಿ ಹೇಳುವುದು ವಾಡಿಕೆ. ನನಗೆ ಇದರಲ್ಲಿ ವ್ಯವಸ್ಥೆಯ ಲೋಪವೇ ಹೆಚ್ಚು ಕಾಣುತ್ತದೆ. ಒಬ್ಬ ದೊಡ್ಡ ಪೋಷಕನನ್ನು ನಂಬಿದ ಆಟ ಆ ಪೋಷಕ ಸರಿದ ದಿನ ಬೀದಿಗೆ ಬೀಳುತ್ತದೆ. ಅಂಥ ದಿನ ಎತ್ತಿ ನಿಲ್ಲಿಸಲು ಎಲ್ಲ ಊರಿನಲ್ಲೂ ಒಬ್ಬ ಪ್ರಾಚಾರ್ಯ ಸಿಗುವುದಿಲ್ಲ.

ಗೋಕಾಕ ತಾಲೂಕಿನೊಳಗೇ ಇದಕ್ಕೆ ಎದುರಾದ ಉದಾಹರಣೆಯಿದೆ. 1923ರ ಕೊನೆಯಲ್ಲಿ ಕಾಕಿನಾಡ ಕಾಂಗ್ರೆಸ್ಸಿನ ಹೊತ್ತಿಗೆ ಹಿಂದೂಸ್ತಾನಿ ಸೇವಾದಳ ಕಟ್ಟಿದ, ಮರುವರ್ಷ ಬೆಳಗಾವಿ ಅಧಿವೇಶನಕ್ಕೆ ಸ್ವಯಂಸೇವಕರನ್ನು ಅಣಿಗೊಳಿಸಿದ ಡಾ. ನಾ. ಸು. ಹರ್ಡೀಕರ್ ದೇಹಶಿಕ್ಷಣವನ್ನು ಹವ್ಯಾಸವೆಂದು ಬಗೆದವರಲ್ಲ. ಕವಾಯತು, ವ್ಯಾಯಾಮ, ಶಿಸ್ತು ಇವೆಲ್ಲ ಬಡವರ ಮಕ್ಕಳಿಗೂ ಸಲ್ಲಬೇಕಾದವು ಎಂಬ ನಿಲುವಿನವರು. ಡಾ. ಕೊಕಟನೂರ ಮತ್ತು ಡಾ. ವೈದ್ಯರ ಜೊತೆ ಅವರು ಘಟಪ್ರಭೆಯಲ್ಲಿ 1929ರಲ್ಲಿ ಆರಂಭಿಸಿದ ಕರ್ನಾಟಕ ಆರೋಗ್ಯ ಧಾಮ ಸ್ಥಾಪಕರು ತೀರಿಹೋದ ಮೇಲೂ ಉಳಿಯಿತು. ಅದು ಯಾವ ಒಬ್ಬ ಧಣಿಯ ಮರ್ಜಿಯ ಮೇಲೂ ನಿಂತಿರಲಿಲ್ಲ.

ಈಗ ಕಾನೂನಿಗೆ ಬರೋಣ. 2013ರ ಕಂಪನಿ ಕಾಯ್ದೆಯ 135ನೇ ಕಲಮು 2014ರ ಏಪ್ರಿಲ್ 1ರಿಂದ ಜಾರಿಗೆ ಬಂತು. 500 ಕೋಟಿ ರೂಪಾಯಿ ನಿವ್ವಳ ಸಂಪತ್ತು, 1,000 ಕೋಟಿ ವಹಿವಾಟು, 5 ಕೋಟಿ ನಿವ್ವಳ ಲಾಭ, ಈ ಮೂರರಲ್ಲಿ ಒಂದು ಇದ್ದರೂ ಸಾಕು, ಆ ಕಂಪನಿ ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದ ಶೇ. 2ರಷ್ಟನ್ನು ಸಮಾಜದ ಕೆಲಸಕ್ಕೆ ತೆಗೆದಿಡಬೇಕು. ಹಾಗೆ ಖರ್ಚು ಮಾಡಬಹುದಾದ ಬಾಬುಗಳಲ್ಲಿ ಗ್ರಾಮೀಣ ಕ್ರೀಡೆ, ರಾಷ್ಟ್ರೀಯ ಮಾನ್ಯತೆ ಪಡೆದ ಕ್ರೀಡೆ, ಪ್ಯಾರಾಲಿಂಪಿಕ್ ಮತ್ತು ಒಲಿಂಪಿಕ್ ಕ್ರೀಡೆಗಳ ತರಬೇತಿಯೂ ಸೇರಿದೆ. ತರಬೇತಿ ಎಂಬ ಮಾತನ್ನು ಗಮನಿಸಬೇಕು. ಮ್ಯಾರಥಾನ್, ಪ್ರಶಸ್ತಿ, ಜಾಹೀರಾತಿನಂಥ ಒಂದು ದಿನದ ಕಾರ್ಯಕ್ರಮಗಳು ಈ ಲೆಕ್ಕಕ್ಕೆ ಬರುವುದಿಲ್ಲವೆಂದು ಕೇಂದ್ರ ಸರ್ಕಾರ 2014ರ ಜೂನ್‌ನಲ್ಲೇ ಸುತ್ತೋಲೆ ಹೊರಡಿಸಿತು. ಇಷ್ಟರ ಮಟ್ಟಿಗೆ ಕಾನೂನು ಜಾಣತನದ್ದೇ. ಎಡವಿದ್ದು ಮುಂದೆ. 2021ರ ಜನವರಿಯ ತಿದ್ದುಪಡಿಯ ಪ್ರಕಾರ ಮುಂದುವರಿಯುವ ಯೋಜನೆ ಎಂದರೆ ಶುರುವಾದ ವರ್ಷ ಬಿಟ್ಟು ಹೆಚ್ಚೆಂದರೆ ಮೂರು ವರ್ಷ. ಒಂದು ಸಂಸ್ಥೆಗೆ ಮೂಲನಿಧಿ ಕೊಟ್ಟರೆ ಅದನ್ನೂ ಈಗ ಈ ಬಾಬಿನ ಖರ್ಚೆಂದು ತೋರಿಸುವಂತಿಲ್ಲ. ಕಂಪನಿಗಳು ಹಣ ಹೂತಿಟ್ಟು ಲೆಕ್ಕ ಮುಗಿಸುವುದನ್ನು ತಡೆಯುವ ಉದ್ದೇಶ ಒಳ್ಳೆಯದೇ ಇರಬಹುದು. ಆದರೆ ಬಡ್ಡಿಯಲ್ಲಿ ತಲೆಮಾರು ನಡೆಯಬಹುದಾಗಿದ್ದ ಗರಡಿಗೆ ಅದೇ ನಿಯಮ ಬಾಗಿಲು ಹಾಕಿತು. ಹತ್ತನೇ ವಯಸ್ಸಿಗೆ ತಾಲೀಮಿಗೆ ಇಳಿದ ಹುಡುಗಿ ದೊಡ್ಡವರ ಸ್ಪರ್ಧೆಗೆ ಬೇಕಾದ ಕಸುವು ಕಾಣುವುದು ಇಪ್ಪತ್ತರ ಆಸುಪಾಸಿನಲ್ಲಿ. ಕಂಪನಿಯ ಯೋಜನೆ ಮುಗಿಯುವಾಗ ಅವಳಿನ್ನೂ ಹೈಸ್ಕೂಲಿನಲ್ಲಿ ಇರುತ್ತಾಳೆ.

ನಡುವೆ ಕೈಬಿಟ್ಟರೆ ಏನಾಗುತ್ತದೆ ಎಂಬುದನ್ನು ಉತ್ತರ ಕನ್ನಡದ ಸಿದ್ದಿ ಸಮುದಾಯ ಅನುಭವಿಸಿ ತೋರಿಸಿದೆ. ಭಾರತೀಯ ಕ್ರೀಡಾ ಪ್ರಾಧಿಕಾರ 1987ರಲ್ಲಿ ವಿಶೇಷ ಪ್ರದೇಶ ಕ್ರೀಡಾ ಯೋಜನೆಯಡಿ ಸಿದ್ದಿ ಮಕ್ಕಳನ್ನು ಆರಿಸಿ ತರಬೇತಿಗೆ ಕರೆದೊಯ್ದಿತು. ಮೂಲ ಆಫ್ರಿಕಾ, ಆದ್ದರಿಂದ ಓಟ ರಕ್ತದಲ್ಲೇ ಇರುತ್ತದೆ ಎಂಬ ಎಣಿಕೆ ಅದರ ಹಿಂದಿತ್ತು. ಅದು ಒರಟು ಎಣಿಕೆ, ಮಕ್ಕಳ ಮೇಲೆ ಹೇರಿದ ಹೊರೆ ಕೂಡ. ಆದರೂ ಮಕ್ಕಳು ಗೆದ್ದರು, ರಾಷ್ಟ್ರಮಟ್ಟದ ಕೂಟಗಳಲ್ಲಿ ಹೆಸರು ಮಾಡಿದರು. 1993ರ ಹೊತ್ತಿಗೆ ಯೋಜನೆ ನಿಂತಿತು. ಕೆಲವರು ಕ್ರೀಡಾ ಕೋಟಾದಲ್ಲಿ ನೌಕರಿ ಹಿಡಿದರು, ಹಲವರು ಕಾಡಂಚಿನ ಊರಿಗೆ, ಕೂಲಿಗೆ ಮರಳಿದರು. ಸುಮಾರು ಎರಡು ದಶಕ ಕಳೆದ ಮೇಲೆ ಮುಂಡಗೋಡದಲ್ಲಿ ಬ್ರಿಡ್ಜಸ್ ಆಫ್ ಸ್ಪೋರ್ಟ್ಸ್ ಎಂಬ ಸಂಸ್ಥೆ ಆ ಸಮುದಾಯದ ಮಕ್ಕಳ ಜೊತೆ ಮತ್ತೆ ಓಟದ ತರಬೇತಿಗೆ ಇಳಿಯಿತು. ನಡುವಿನ ತಲೆಮಾರು ಮಾತ್ರ ಯಾರ ಲೆಕ್ಕಕ್ಕೂ ಸಿಗದೆ ಹೋಯಿತು.

ಇಲ್ಲಿ ಒಂದು ಆಕ್ಷೇಪಣೆಗೆ ಉತ್ತರ ಹೇಳಿಯೇ ಮುಂದೆ ಹೋಗಬೇಕು. ಮಕ್ಕಳ ಕ್ರೀಡೆ ಸರ್ಕಾರದ ಕರ್ತವ್ಯ, ಕಂಪನಿಯ ಮುಂದೆ ಕೈಯೊಡ್ಡಿದರೆ ಸರ್ಕಾರ ಜಾರಿಕೊಳ್ಳುತ್ತದೆ ಎನ್ನುವವರಿದ್ದಾರೆ. ಕರ್ತವ್ಯ ಸರ್ಕಾರದ್ದು ಎಂಬುದರಲ್ಲಿ ಎರಡು ಮಾತಿಲ್ಲ. ಅದು ಬಿಡದೆ ಮಾಡಿದಾಗ ಫಲವೂ ಬಂದಿದೆ: 2018ರ ಜಕಾರ್ತಾ ಏಷ್ಯನ್ ಗೇಮ್ಸ್‌ನಲ್ಲಿ ಕುರಾಶ್ ಕಂಚು ಗೆದ್ದ ಮಲಪ್ರಭಾ ಜಾಧವ ಬೆಳಗಾವಿ ಹತ್ತಿರದ ಹಳ್ಳಿಯ ರೈತ ಕುಟುಂಬದವರು, ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆಯ ಜೂಡೊ ತರಬೇತಿಯಲ್ಲಿ ಬೆಳೆದವರು. ಆದರೆ ಸಿದ್ದಿ ಮಕ್ಕಳನ್ನು ಅರ್ಧ ದಾರಿಯಲ್ಲಿ ಇಳಿಸಿದ್ದೂ ಸರ್ಕಾರಿ ಸಂಸ್ಥೆಯೇ. ಕೊಡುವವರು ಯಾರು ಎಂಬುದಕ್ಕಿಂತ ಎಷ್ಟು ಕಾಲ ಕೊಡುತ್ತಾರೆ ಎಂಬುದು ಮಗುವಿಗೆ ಮುಖ್ಯವೆಂದು ಈ ಎರಡೂ ಪ್ರಸಂಗಗಳು ಹೇಳುತ್ತವೆ. ಜಮ್ಶೆಡ್‌ಪುರದ ಟಾಟಾ ಬಿಲ್ವಿದ್ಯಾ ಅಕಾಡೆಮಿ 1996ರಲ್ಲಿ, ಶೇ. 2ರ ಕಟ್ಟಳೆ ಹುಟ್ಟುವ ಎಷ್ಟೋ ಮೊದಲು ಶುರುವಾಯಿತು. ಆಟೋ ಓಡಿಸುವವರ ಮಗಳು ದೀಪಿಕಾ ಕುಮಾರಿ 2006ರಲ್ಲಿ ಅಲ್ಲಿ ಸೇರುವಾಗ ಅದಕ್ಕೆ ಹತ್ತು ವರ್ಷವಾಗಿತ್ತು. ನಾಲ್ಕು ವರ್ಷಗಳ ನಂತರ, 2010ರ ದೆಹಲಿ ಕಾಮನ್‌ವೆಲ್ತ್ ಕೂಟದಲ್ಲಿ ಅವರು ಎರಡು ಚಿನ್ನ ಗೆದ್ದರು. ಉಕ್ಕಿನ ಕಾರ್ಖಾನೆ ಎಲ್ಲಿಗೂ ಎದ್ದುಹೋಗುವಂಥದ್ದಲ್ಲ. ಅಕಾಡೆಮಿ ಊರಿನ ಭಾಗವಾಗಿ ನಿಂತಿತು. ನಮ್ಮದೇ ರಾಜ್ಯದ ತೋರಣಗಲ್ಲಿನ ಬಳಿ, ವಿಜಯನಗರದಲ್ಲಿ, ಜೆಎಸ್‌ಡಬ್ಲ್ಯು 2018ರ ಆಗಸ್ಟ್‌ನಲ್ಲಿ ತೆರೆದ ಇನ್‌ಸ್ಪೈರ್ ಕ್ರೀಡಾ ಸಂಸ್ಥೆಯೂ ದೊಡ್ಡ ಸಾಧನೆ. ಆದರೆ ಅಲ್ಲಿಗೆ ಹೋಗುವವರು ದೇಶದ ನಾನಾ ಕಡೆ ಆಗಲೇ ಗೆದ್ದು ಆಯ್ಕೆಯಾದ ಮಕ್ಕಳು. ಹುಕ್ಕೇರಿಯ ಹಳ್ಳಿಯ ಹುಡುಗ ಆ ಹೊಸ್ತಿಲವರೆಗೆ ತಲುಪುವುದೇ ಇಲ್ಲಿಯ ತೊಡಕು.

ಗೋಕಾಕದಲ್ಲಿ ಸತೀಶ ಶುಗರ್ಸ್ ಹೆಸರಿನಲ್ಲಿ ವಿದ್ಯಾರ್ಥಿಗಳ ಸ್ಪರ್ಧೆಗಳು ವರ್ಷ ವರ್ಷ ನಡೆದುಬಂದಿವೆ. ಕಾರ್ಖಾನೆ ತನ್ನ ಊರಿನಲ್ಲೇ ಮಕ್ಕಳಿಗೊಂದು ವೇದಿಕೆ ಹಾಕಿಕೊಡುವುದು ಸಣ್ಣದಲ್ಲ, ಎಷ್ಟೋ ಮಕ್ಕಳು ಮೊದಲ ಸಲ ಚಪ್ಪಾಳೆ ಕೇಳುವುದು ಅಂಥಲ್ಲೇ. ಆದರೆ ಸ್ಪರ್ಧೆ ಪ್ರತಿಭೆಯನ್ನು ತೋರಿಸುತ್ತದೆಯೇ ಹೊರತು ಬೆಳೆಸುವುದಿಲ್ಲ, ಬೆಳೆಸುವುದು ವರ್ಷದ ಉಳಿದ ದಿನಗಳು. ಕುಸ್ತಿಯಲ್ಲಿ ಇದು ಎದ್ದು ಕಾಣುತ್ತದೆ. ನಮ್ಮ ಹುಡುಗರು ಎಣ್ಣೆ, ಅರಿಸಿನ, ಮಜ್ಜಿಗೆ ಬೆರೆಸಿ ಹದ ಮಾಡಿದ ಕೆಮ್ಮಣ್ಣಿನಲ್ಲಿ ಪಳಗುತ್ತಾರೆ. ಮಣ್ಣಿನಲ್ಲಿ ಕಾಲು ಹೂತು ನಿಂತು ಎದುರಾಳಿಯ ಬೆನ್ನು ನೆಲಕ್ಕೆ ತಾಗಿಸುವವರೆಗೆ ತಾಳ್ಮೆಯಿಂದ ಕಾಯಬಹುದು. ಮ್ಯಾಟಿನಲ್ಲಿ ಮೂರು ಮೂರು ನಿಮಿಷದ ಎರಡು ಸುತ್ತು, ಕ್ಷಣಕ್ಷಣಕ್ಕೂ ಅಂಕ. ಕಾಲಿಗೆ ಮೊದಲು ಕೈಹಾಕಿದವನದೇ ಮೇಲುಗೈ. ಜಾತ್ರೆಯಲ್ಲಿ ಬೆಳ್ಳಿ ಗದೆ ಹೊತ್ತ ಹುಡುಗ ರಾಜ್ಯಮಟ್ಟದ ಮ್ಯಾಟಿನ ಮೇಲೆ ಮೊದಲ ಸುತ್ತಿನಲ್ಲೇ ಸೋತು ಬಂದರೆ ಅದು ಅವನ ಕಸುವಿನ ಕೊರತೆಯಲ್ಲ. ಕಂಪನಿಯ ಹಣ ಮೊದಲು ಸಲ್ಲಬೇಕಾದ್ದು ಇಲ್ಲಿ: ಒಂದು ಮ್ಯಾಟು, ಅದರ ಮೇಲೊಂದು ಸೂರು, ಹೆಣ್ಣುಮಕ್ಕಳಿಗೆ ಬಟ್ಟೆ ಬದಲಿಸುವ ಕೋಣೆ, ಕೂಟಗಳಿಗೆ ಹೋಗಿಬರುವ ಖರ್ಚು. ಇವೆಲ್ಲ ಒಮ್ಮೆ ಕೊಟ್ಟರೂ ಕೆಲಸಕ್ಕೆ ಬರುವಂಥವು. ಮೂರು ವರ್ಷಕ್ಕೆ ಯೋಜನೆ ಮುಗಿದರೆ ಮ್ಯಾಟು ಎದ್ದು ಹೋಗುವುದಿಲ್ಲ. ಸಂಬಳ ನಿಂತ ವಸ್ತಾದಿ ಎದ್ದು ಹೋಗುತ್ತಾನೆ.

ಇನ್ನೊಂದು ಆಕ್ಷೇಪಣೆ ಇದಕ್ಕಿಂತ ಗಟ್ಟಿ. ಹೊಟ್ಟೆ ತುಂಬದ ಮಗುವಿಗೆ ಆಟ ಯಾಕೆ, ಮೊದಲು ಊಟ, ಶಾಲೆ, ಶೌಚಾಲಯ ಆಗಲಿ ಎಂಬುದು ಅದು. ಕಂಪನಿಗಳ ಹಣದಲ್ಲಿ ಶಿಕ್ಷಣಕ್ಕೂ ಆರೋಗ್ಯಕ್ಕೂ ದೊಡ್ಡ ಪಾಲು, ಕ್ರೀಡೆಗೆ ಸಣ್ಣ ಪಾಲು ಹೋಗುವುದಕ್ಕೆ ಕಾರಣವೂ ಇದೇ. ಆದರೆ ಈ ಭಾಗದಲ್ಲಿ ಅತ್ಯಂತ ಬಡ ಮಗು ಯಾವುದೆಂದು ನೋಡಿದರೆ ಊಟ, ಶಾಲೆ, ಆಟ ಒಂದಕ್ಕೊಂದು ಹೆಣೆದುಕೊಂಡೇ ಇವೆ. ಕಬ್ಬಿನ ಹಂಗಾಮು ಶುರುವಾಯಿತೆಂದರೆ ಮುಂಗಡ ಹಿಡಿದ ಕುಟುಂಬಗಳು ಟೋಳಿ ಕಟ್ಟಿಕೊಂಡು ಬರುತ್ತವೆ, ಹೋಗುತ್ತವೆ, ಮಕ್ಕಳೂ ಜೊತೆಗೆ. ಶಾಲೆಗಳ ವಲಯ, ತಾಲೂಕು ಮಟ್ಟದ ಕೂಟಗಳು ಮಳೆಗಾಲದಲ್ಲೇ ಮುಗಿದಿರುತ್ತವೆ. ಅಲ್ಲಿ ಗೆದ್ದ ಹುಡುಗಿ ದಸರೆ ಕಳೆದ ಮೇಲೆ ಯಾವುದೋ ಫಡದಲ್ಲಿ ತಮ್ಮನನ್ನು ಎತ್ತಿಕೊಂಡಿರುತ್ತಾಳೆ. ಅವಳನ್ನು ಶಾಲೆಯಲ್ಲಿ ಉಳಿಸಲು ವಸತಿ ಬೇಕು, ಹಾಸ್ಟೆಲಿಗೆ ಕಳಿಸಲು ತಾಯಿತಂದೆಗೆ ಒಂದು ಕಾರಣ ಬೇಕು. ಓದಿನಲ್ಲಿ ಹಿಂದೆ ಬಿದ್ದ ಮಗುವಿನ ಮಟ್ಟಿಗೆ ಆ ಕಾರಣ ಆಟವೇ ಆಗಿರಬಹುದು; ಪೊಲೀಸ್, ರೈಲ್ವೆ, ಸೇನೆಯ ಕ್ರೀಡಾ ಕೋಟಾದ ಹೆಸರು ಹೇಳಿದರೆ ಎಂಥ ತಂದೆಯೂ ಒಮ್ಮೆ ಯೋಚಿಸುತ್ತಾನೆ. ನೂರರಲ್ಲಿ ತೊಂಬತ್ತೊಂಬತ್ತು ಮಕ್ಕಳಿಗೆ ಪದಕ ಬರಲಿಕ್ಕಿಲ್ಲ. ಆದ್ದರಿಂದ ಯೋಜನೆಯ ಯಶಸ್ಸನ್ನು ಪದಕದಲ್ಲಿ ಅಳೆಯಬೇಡಿ, ಹಂಗಾಮಿನಲ್ಲಿ ಎಷ್ಟು ಮಕ್ಕಳು ಹಾಜರಿ ಪುಸ್ತಕದಲ್ಲಿ ಉಳಿದರು ಎಂಬುದರಲ್ಲಿ ಅಳೆಯಿರಿ ಎಂದು ಕಂಪನಿಗಳಿಗೆ ಹೇಳುವ ಧೈರ್ಯ ಊರಿನವರಿಗೆ ಬರಬೇಕು.

ಊರಿನ ಸಂಸ್ಥೆಗಳಿಗೆ ಆ ಶಕ್ತಿ ಇದೆಯೇ? ಹುಕ್ಕೇರಿ ತಾಲೂಕಿನಲ್ಲಿ 1969ರಲ್ಲಿ ಅಪ್ಪಣಗೌಡ ಪಾಟೀಲರ ಮುಂದಾಳತನದಲ್ಲಿ ಹುಕ್ಕೇರಿ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘ ಹುಟ್ಟಿತು. ದೇಶದಲ್ಲಿ ಪ್ರಯೋಗಕ್ಕೆಂದು ಆರಿಸಿದ ಐದು ಸಂಘಗಳಲ್ಲಿ ಅದೂ ಒಂದು. ರಾಜ್ಯದ ಬೇರೆಲ್ಲ ಕಡೆ ಸರ್ಕಾರಿ ಕಂಪನಿಗಳು ಕರೆಂಟು ಹಂಚುವಾಗ ಇಲ್ಲಿ ಬಳಕೆದಾರರೇ ಸದಸ್ಯರಾದ ಸಂಘ ಅರ್ಧ ಶತಮಾನ ದಾಟಿಸಿದೆ. ತಂತಿ ಎಳೆದು ಬಿಲ್ಲು ವಸೂಲು ಮಾಡಬಲ್ಲ ತಾಲೂಕಿಗೆ ನಾಲ್ಕು ತರಬೇತುದಾರರ ಸಂಬಳದ ಪಟ್ಟಿ ನಡೆಸುವುದು ಅಸಾಧ್ಯವೇನಲ್ಲ. ನಿಡಸೋಸಿಯಲ್ಲಿ ಶ್ರೀ ದುರದುಂಡೀಶ್ವರ ಸಿದ್ಧಸಂಸ್ಥಾನ ಮಠದ ದಾಸೋಹವಿದೆ, ಮಠದ ಆಶ್ರಯದಲ್ಲಿ 1996ರಿಂದ ಹಿರಾಶುಗರ್ ತಾಂತ್ರಿಕ ವಿದ್ಯಾಲಯ ನಡೆದಿದೆ. ಊಟವನ್ನೂ ಜಾಗವನ್ನೂ ಹೊಸದಾಗಿ ಹುಡುಕಬೇಕಾಗಿಲ್ಲ.

ಉಳಿದದ್ದು ಸಂಬಳದ ಹಣ. ಸಹಕಾರಿ ಸಕ್ಕರೆ ಕಾರ್ಖಾನೆಗಳಿಗೆ ಕಂಪನಿ ಕಾಯ್ದೆಯ ಶೇ. 2ರ ನಿಯಮ ತಾಗುವುದಿಲ್ಲ, ಅವು ಸಹಕಾರ ಕಾಯ್ದೆಯಡಿ ಬರುತ್ತವೆ. ಕಾನೂನು ಕೇಳದಿದ್ದರೂ ಸದಸ್ಯರು ಕೇಳಬಹುದು. ಹಂಗಾಮಿಗೆ 10 ಲಕ್ಷ ಟನ್ ಅರೆಯುವ ಕಾರ್ಖಾನೆ ಟನ್ನಿಗೆ 1 ರೂಪಾಯಿ ತೆಗೆದಿಟ್ಟರೆ 10 ಲಕ್ಷ ರೂಪಾಯಿ. ಇಬ್ಬರು ಮೂವರು ತರಬೇತುದಾರರ ವರ್ಷದ ಸಂಬಳ ಅಲ್ಲಿಗಾಯಿತು. ಇದಕ್ಕೆ ರೈತರು ಸಿಟ್ಟಾಗುವುದು ಸಹಜ: ಬಿಲ್ಲಿನಲ್ಲಿ ಆಗಲೇ ಹತ್ತು ಕಡಿತ, ಮೇಲೆ ಬಾಕಿ. ಆ ಸಿಟ್ಟು ನ್ಯಾಯವಾದದ್ದು. ಆದ್ದರಿಂದ ಈ ರೂಪಾಯಿಯನ್ನು ರೈತನ ದರದಿಂದ ಕಡಿಯಬಾರದು, ಕಾರ್ಖಾನೆಯ ಲಾಭದಿಂದ ತೆಗೆಯಬೇಕು, ವಾರ್ಷಿಕ ಸಭೆಯಲ್ಲಿ ಕೈಯೆತ್ತಿಸಿ ಒಪ್ಪಿಗೆ ಪಡೆಯಬೇಕು, ಕಬ್ಬಿನ ಬಾಕಿ ಪೂರ್ತಿ ತೀರಿದ ವರ್ಷದಿಂದಲೇ ಲೆಕ್ಕ ಶುರುವಾಗಬೇಕು.