ಮೈ ತುಂಬಿದ ಮಹಿಳೆಯರ ಅಚ್ಚುಕಟ್ಟು ಉಡುಗೆ: ಕಡೂರು, ತರೀಕೆರೆ, ಅಜ್ಜಂಪುರ

ಚಿಕ್ಕಮಗಳೂರು ಜಿಲ್ಲೆಯ ಕಡೂರು, ತರೀಕೆರೆ ಮತ್ತು ಈಚಿನವರೆಗೆ ತರೀಕೆರೆಯದೇ ಭಾಗವಾಗಿದ್ದ ಅಜ್ಜಂಪುರ ತಾಲ್ಲೂಕುಗಳಲ್ಲಿ ಶಾಲೆ, ಕಚೇರಿ, ಸಭೆಗಳಿಗೆ ಹೋಗುವ ದಪ್ಪ ಮೈಕಟ್ಟಿನ ಹೆಂಗಸರು ರೂಢಿಸಿಕೊಂಡ ಉಡುಗೆಯ ಕ್ರಮ ಇದು. ಗಂಜಿ ಹಾಕಿ ಇಸ್ತ್ರಿ ಮಾಡಿದ ಹತ್ತಿ ಸೀರೆ, ಮೊಳಕೈವರೆಗೆ ಇಳಿದ ತೋಳಿನ ರವಿಕೆ, ಮಡಿಕೆ ಹಿಡಿದು ಹೆಗಲಿಗೆ ಪಿನ್ನು ಚುಚ್ಚಿದ ಸೆರಗು, ಕೈಗೊಂದು ವಾಚು ಇದರ ಲಕ್ಷಣ. ಅಮೆರಿಕದ ಪೂರ್ವ ಕರಾವಳಿಯ ಖಾಸಗಿ ಶಾಲೆಗಳಲ್ಲಿ ಹುಟ್ಟಿ, 1980ರಲ್ಲಿ ಬಂದ ಲಿಸಾ ಬರ್ನ್‌ಬಾಕ್ ಅವರ ವಿಡಂಬನೆಯ ಕೈಪಿಡಿಯಿಂದ ಮನೆಮಾತಾದ ‘ಪ್ರೆಪ್ಪಿ’ ಶೈಲಿಗೆ ಈ ಸೀಮೆಯಲ್ಲಿ ಸಮನಾದದ್ದು ಇದೇ. ಎರಡೂ ಶಾಲೆಯ ಆವರಣದಲ್ಲಿ ಬೆಳೆದವು. ಥಳಕಿಗಿಂತ ಓರಣಕ್ಕೆ ಬೆಲೆ ಕೊಟ್ಟವು. ಆದರೆ ಅಲ್ಲಿ ದಪ್ಪ ಹೆಂಗಸಿಗೆ ಅಂಗಡಿಯ ಅಳತೆಯೇ ಮೊದಲಿನಿಂದ ತೊಡಕಾಯಿತು. ಇಲ್ಲಿ ಆ ತೊಡಕು ತೀರ ಈಚಿನದು.

ಹಳೆಯ ಉಡುಗೆಗೆ ಮೈಯ ಗಾತ್ರ ಲೆಕ್ಕಕ್ಕಿರಲಿಲ್ಲ. ಎಂಟು ಗಜದ ಸೀರೆಯನ್ನು ಸಣ್ಣ ಮೈಯವಳು ಹೆಚ್ಚು ನೆರಿಗೆ ಹಿಡಿದು ಉಡುತ್ತಿದ್ದಳು, ದೊಡ್ಡ ಮೈಯವಳು ಕಡಿಮೆ ನೆರಿಗೆಯಲ್ಲಿ. ಕುಪ್ಪಸಕ್ಕೆ ಗುಂಡಿಯಿಲ್ಲ, ಎದೆಯ ಕೆಳಗೆ ಗಂಟು. ಬಸುರಿ, ಬಾಣಂತಿ, ಮುದುಕಿ ಎಲ್ಲರಿಗೂ ಗಂಟು ಒಂದೇ, ಬಿಗಿ ಮಾತ್ರ ಬೇರೆ. ಈ ತಾಲ್ಲೂಕುಗಳ ತಾಂಡಾಗಳ ಲಂಬಾಣಿ ಹೆಂಗಸರ ಕಾಂಚಳಿಯೂ ಇದೇ ಜಾಣ್ಮೆಯದು. ಬೆನ್ನು ತೆರೆದಿರುವ ಆ ರವಿಕೆಯನ್ನು ಲಾಡಿಗಳು ಹಿಡಿದಿರುತ್ತವೆ. ಫೇಟಿಯ ಎನ್ನುವ ನೆರಿಗೆಯ ಲಂಗವೂ ಸೊಂಟಕ್ಕೆ ಹೊಂದಿಕೊಳ್ಳುತ್ತದೆ. ಕಸೂತಿಗೆ ಸಿಕ್ಕಷ್ಟು ಹೊಗಳಿಕೆ ಈ ಕಟ್ಟುವ ಕ್ರಮಕ್ಕೆ ಸಿಕ್ಕಿಲ್ಲ.

ಗುಂಡಿ, ಹುಕ್ಕುಗಳ ರವಿಕೆ ಬಂದದ್ದು ಹೆಣ್ಣುಮಕ್ಕಳ ವಿದ್ಯಾಭ್ಯಾಸದ ಜೊತೆಗೆ. ಬಂಗಾಳದಲ್ಲಿ ಸಮಾಜ ಸುಧಾರಕಿ ಜ್ಞಾನದಾನಂದಿನಿ ದೇವಿ ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ರವಿಕೆ, ಒಳಲಂಗಗಳ ಮೇಲೆ ಸೀರೆ ಉಡುವ ಹೊಸ ಕ್ರಮವನ್ನು ಬಳಕೆಗೆ ತಂದರು. ಮೈಸೂರಿನಲ್ಲಿ 1881ರಲ್ಲಿ ತೆರೆದ ಮಹಾರಾಣಿ ಹೆಣ್ಣುಮಕ್ಕಳ ಶಾಲೆಯಂಥ ಸಂಸ್ಥೆಗಳಲ್ಲಿ ಓದಿದ ಪೀಳಿಗೆಗಳು ಸಂಸ್ಥಾನದ ಊರೂರಿಗೆ ಉಪಾಧ್ಯಾಯಿನಿಯರಾಗಿ ಹೋದಾಗ, ಅವರು ತೊಟ್ಟದ್ದೇ ಸಭ್ಯ ಉಡುಗೆಯ ಮಾದರಿಯಾಯಿತು. ಮೈಸೂರು ಸಂಸ್ಥಾನಕ್ಕೇ ಸೇರಿದ್ದ ಈ ಜಿಲ್ಲೆಗೆ ಆಗ ಕಡೂರು ಜಿಲ್ಲೆ ಎಂದೇ ಹೆಸರು. ಕಡೂರು, ಬೀರೂರು, ಅಜ್ಜಂಪುರಗಳು ಬೆಂಗಳೂರು–ಹುಬ್ಬಳ್ಳಿ ರೈಲುದಾರಿಯ ಮೇಲಿವೆ, ತರೀಕೆರೆ ಬೀರೂರು–ಶಿವಮೊಗ್ಗ ದಾರಿಯಲ್ಲಿದೆ. ಹೀಗಾಗಿ ಪಟ್ಟಣದ ಬಟ್ಟೆಗೂ ಉಡುವ ರೀತಿಗೂ ಇಲ್ಲಿಗೆ ದಾರಿ ಸುಲಭವಾಗಿತ್ತು.

ಗಂಟು ಹೋಗಿ ಹುಕ್ಕು ಬಂದಾಗ ಮೈಗೆ ಹೊಂದಿಸುವ ಹೊಣೆ ಟೈಲರ್ ಮೇಲೆ ಬಿತ್ತು. ಈ ಉಡುಗೆಯ ನಿಜವಾದ ಚರಿತ್ರೆ ಇರುವುದು ಅವರ ಕತ್ತರಿಯಲ್ಲಿ. ಗಿರಾಕಿಯ ಮೈ ಮುಟ್ಟಿ ಟೇಪು ಹಿಡಿಯುವ ಮುಜುಗರವನ್ನು ಅಳತೆ ರವಿಕೆ ತಪ್ಪಿಸಿತು: ಸರಿಯಾಗಿ ಕೂರುವ ಹಳೆಯ ರವಿಕೆಯೊಂದನ್ನು ಹೊಸ ಬಟ್ಟೆಯ ಜೊತೆ ಕೊಟ್ಟು ಬರುವುದು. ‘ಎದೆ ಹತ್ರ ಒಂಚೂರು ಲೂಸ್ ಬಿಡಿ, ತೋಳು ಹಿಡೀತದೆ’ ಎಂದರೆ ಮಾತು ಮುಗಿಯಿತು. ಪಕ್ಕದ ಹೊಲಿಗೆಯ ಒಳಗೆ ಒಂದೂವರೆ ಇಂಚು ಬಟ್ಟೆ ಬಿಟ್ಟು, ಸಾಲಾಗಿ ಎರಡು ಮೂರು ಹೊಲಿಗೆ ಹಾಕುತ್ತಾರೆ. ಮೈ ಬಂದಂತೆ ಒಂದೊಂದೇ ಬಿಚ್ಚಿಕೊಳ್ಳಬಹುದು. ಹೆರಿಗೆಯಾಚೆಗೂ ಅದೇ ರವಿಕೆ ನಡೆಯುತ್ತದೆ. ಸಿದ್ಧ ಉಡುಪಿನ ಕಾರ್ಖಾನೆ ಬಟ್ಟೆ ಉಳಿಸಲು ಮೊದಲು ಕೈಬಿಡುವುದು ಈ ಒಳಬಟ್ಟೆಯನ್ನೇ.

ದೊಡ್ಡ ಎದೆಗೆ ಬಟ್ಟೆ ಚಿವುಟಿ ಹೊಲಿಯುವ ಟಕ್ಸ್ ಮಾತ್ರ ಸಾಲದೆ, ಎದೆಭಾಗವನ್ನು ಬೇರೆ ಬೇರೆ ತುಂಡುಗಳಾಗಿ ಕತ್ತರಿಸಿ ಜೋಡಿಸುವ ಕಟೋರಿ, ಪ್ರಿನ್ಸೆಸ್ ಕಟ್‌ಗಳು ಬಂದವು. ಬಟ್ಟೆಯನ್ನು ಓರೆಯಾಗಿಟ್ಟು ಕತ್ತರಿಸುವ ಕ್ರಾಸ್ ಕಟ್ ಮೈಯೊಡನೆ ತುಸು ಎಳೆದುಕೊಳ್ಳುತ್ತದೆ, ಆದರೆ ಬಟ್ಟೆ ಹೆಚ್ಚು ತಿನ್ನುತ್ತದೆ. ಗಿಡ್ಡ ಬಿಗಿ ತೋಳು ರಟ್ಟೆಯನ್ನು ಕೊರೆದು ಅದು ಇನ್ನಷ್ಟು ದಪ್ಪ ಕಾಣುವಂತೆ ಮಾಡುವುದರಿಂದ ಮೊಳಕೈ ತೋಳು ನೆಲೆಯಾಯಿತು. ಬೆನ್ನಿನ ಕತ್ತು ತೀರ ಇಳಿದರೆ ಭುಜ ಜಾರುತ್ತದೆ. ಬೋರ್ಡಿನ ಮೇಲೆ ಬರೆಯಲು ಕೈಯೆತ್ತುವ ಶಿಕ್ಷಕಿಗೆ ಅದು ಆಗಿಬರುವುದಿಲ್ಲ. ಬಣ್ಣ ಹೊಂದಿಸಲು ಮ್ಯಾಚಿಂಗ್ ಸೆಂಟರುಗಳ ಟೂ ಬೈ ಟೂ ರುಬಿಯಾ ಎಂಬ ರವಿಕೆ ಬಟ್ಟೆ ಇದೆ. ಸೀರೆಯ ಜೊತೆ ಬರುವ 80 ಸೆಂಟಿಮೀಟರ್ ಕಣ ದೊಡ್ಡ ಮೈಗೆ ಸಾಲುವುದಿಲ್ಲ. ತೋಳಿಗೆ ಜೋಡು ಹಾಕಿ ಕೊಡುವವರು ಇದ್ದರೂ, ಪೂರ್ತಿ ಒಂದು ಮೀಟರ್ ಬಿಡಿಯಾಗಿ ಕೊಳ್ಳುವುದೇ ವಾಸಿ.

ಅಳತೆ ಕುಗ್ಗಿದ್ದು ಸೀರೆಯಲ್ಲೂ ಹೌದು. ಗಿರಣಿ ಸೀರೆಗಳ ಕಾಲದಲ್ಲಿ ಎಂಟು ಗಜ ಬಿಟ್ಟು ಐದು, ಐದೂವರೆ ಮೀಟರಿಗೆ ಬಂದೆವು. ಹೆಚ್ಚಿನವರಿಗೆ ಹಗುರವಾಯಿತು, ಸೊಂಟ ದೊಡ್ಡದಿದ್ದವರಿಗೆ ನೆರಿಗೆ ಮೂರಕ್ಕಿಳಿಯಿತು ಇಲ್ಲವೇ ಸೆರಗು ಮೊಟಕಾಯಿತು. ಸರ್ಕಾರ ಗಜ ತೆಗೆದು ಮೀಟರ್ ತಂದು ಆರು ದಶಕ ಕಳೆದರೂ ಟೈಲರ್ ಟೇಪು ಇಂಚಿನಲ್ಲೇ ಓದಿಸಿಕೊಳ್ಳುತ್ತಿದೆ.

ಬಟ್ಟೆಯ ಆಯ್ಕೆಯಲ್ಲಿ ಒಮ್ಮತವಿಲ್ಲ. ಗಂಜಿ ಹಾಕಿದ ಹತ್ತಿ ಮೈಯಿಂದ ದೂರ ನಿಂತು ಗಾತ್ರ ಹೆಚ್ಚಿಸುತ್ತದೆ ಎಂಬುದು ಒಂದು ವಾದ. ನೈಲಾನ್, ಪಾಲಿಯೆಸ್ಟರ್ ಸೀರೆಗಳು ಇಸ್ತ್ರಿಯ ಕಾಟ ತಪ್ಪಿಸಿದವು, ಮೈಗೂ ಅಂಟಿಕೊಂಡವು. ಕಡೂರು, ಅಜ್ಜಂಪುರದ ಬಿಸಿಲಿಗೆ ಹತ್ತಿಯೇ ಸರಿ. ತೆಳು ಗಂಜಿಯ ವಾಯಿಲ್ ನಡುದಾರಿ. ರೇಷ್ಮೆಯಲ್ಲಿ, 1912ರಲ್ಲಿ ಶುರುವಾದ ಮೈಸೂರು ಕಾರ್ಖಾನೆಯ ಕ್ರೇಪ್ ಮೈಗುಂಟ ಇಳಿಬೀಳುತ್ತದೆ, ದಪ್ಪ ಜರಿಯ ಸೀರೆಯಂತೆ ಉಬ್ಬುವುದಿಲ್ಲ.

ಹತ್ತಿಯ ಮಾತು ಬಂದಾಗ, ಅಮೆರಿಕದ ಪ್ರೆಪ್ಪಿ ಶೈಲಿಗೆ ನಮ್ಮ ದಕ್ಷಿಣದ ಕೊಡುಗೆಯೂ ಉಂಟು. ಇಲ್ಲಿ ಲುಂಗಿಗೆ ಬಳಸುವ ಚೌಕಳಿಯ ಕೈಮಗ್ಗದ ಬಟ್ಟೆಯೇ ಅಲ್ಲಿ ‘ಮದ್ರಾಸ್’ ಎನಿಸಿಕೊಂಡು ಕಾಲೇಜು ಹುಡುಗರ ಅಂಗಿಯಾಯಿತು. ತೊಳೆದರೆ ಬಣ್ಣ ಬಿಡುವ ದೋಷವನ್ನೇ ಅಲ್ಲಿನ ವ್ಯಾಪಾರಿಗಳು ಗುಣವೆಂದು ಮಾರಿದರು.

ಆ ದೇಶದಲ್ಲಿ ದಪ್ಪ ಹೆಂಗಸರ ಸಿದ್ಧ ಉಡುಪಿಗೆ ದಾರಿ ತೆರೆದ ಲೇನ್ ಬ್ರಯಂಟ್ ಅಂಗಡಿ 1904ರದು. ಸಿದ್ಧ ಉಡುಪಿನ ಅಳತೆಪಟ್ಟಿಗಾಗಿ ಅಲ್ಲಿನ ಸರ್ಕಾರ 1939–40ರಲ್ಲಿ ಸುಮಾರು 15,000 ಹೆಂಗಸರ ಮೈ ಅಳತೆ ಮಾಡಿಸಿತು. ಈ ಸೀಮೆಗೆ ಅಳತೆಯ ಚೀಟಿ ಅಂಟಿದ ಬಟ್ಟೆ ಬಂದದ್ದು ನೈಟಿ, ಚೂಡಿದಾರ್, ಕುರ್ತಿಗಳೊಡನೆ. ಲಾಡಿ ಕಟ್ಟುವ ಒಳಲಂಗದ ಜಾಗಕ್ಕೂ ಈಗ ಸೈಜು ಕೇಳುವ ಶೇಪ್‌ವೇರ್ ಬಂದಿದೆ. ಒಂದು ಕಂಪನಿಯ ಎಕ್ಸ್‌ಎಲ್ ಇನ್ನೊಂದರ ಡಬಲ್ ಎಕ್ಸ್‌ಎಲ್ ಆಗಿರುವುದಕ್ಕೆ ಕಾರಣ, ಭಾರತದ ಮೈಗೆಂದೇ ಒಪ್ಪಿತ ಅಳತೆಪಟ್ಟಿ ಇರದೆ ಹೊರದೇಶದ್ದನ್ನು ತಿದ್ದಿ ಬಳಸುತ್ತ ಬಂದದ್ದು. ಇದನ್ನು ಸರಿಪಡಿಸಲು ರಾಷ್ಟ್ರೀಯ ಫ್ಯಾಷನ್ ತಂತ್ರಜ್ಞಾನ ಸಂಸ್ಥೆ ‘ಇಂಡಿಯಾ ಸೈಜ್’ ಎಂಬ ಸಮೀಕ್ಷೆ ಕೈಗೊಂಡಿತು; ಬೆಂಗಳೂರೂ ಸೇರಿ ಆರು ನಗರಗಳಲ್ಲಿ 25,000ಕ್ಕೂ ಹೆಚ್ಚು ಜನರನ್ನು ಸ್ಕ್ಯಾನರ್‌ನಿಂದ ಅಳೆಯುವುದು ಅದರ ಯೋಜನೆಯಾಗಿತ್ತು. ಸಣ್ಣ ಊರಿನ ಅಂಗಡಿಯವರು ಬೇಗ ಖರ್ಚಾಗುವ ಮಧ್ಯದ ಸೈಜುಗಳನ್ನೇ ತರಿಸುವುದರಿಂದ, ದಪ್ಪ ಮೈಯವರು ಒಪ್ಪುವ ಚೂಡಿದಾರ್ ಬೇಕೆಂದರೆ ಈಗಲೂ ಬಟ್ಟೆ ಕೊಂಡು ಟೈಲರ್ ಹತ್ತಿರವೇ ಹೋಗಬೇಕು.