ಅಲಂಕಾರ ಕಳಚಿದ ಮೇಲೂ ಉಳಿಯುವುದು

ಬೆಂಗಳೂರಿನಲ್ಲಿ ಹೊಸ ಫ್ಲ್ಯಾಟ್ ಕೊಂಡವರನ್ನು ಗೃಹಪ್ರವೇಶ ಯಾವಾಗ ಎಂದು ಕೇಳಿದರೆ, ‘ಇಂಟೀರಿಯರ್ಸ್ ನಡೀತಾ ಇದೆ’ ಎನ್ನುತ್ತಾರೆ. ಅಡುಗೆ ಕಟ್ಟೆ, ವಾರ್ಡ್‌ರೋಬು, ಫಾಲ್ಸ್ ಸೀಲಿಂಗು, ಪರದೆ, ಗೋಡೆಯ ಬಣ್ಣ ಎಲ್ಲವೂ ಆ ಒಂದು ಮಾತಿನೊಳಗೆ ಸೇರಿಹೋಗಿವೆ. ಅಚ್ಚಿನ ಕನ್ನಡ ಅದನ್ನೇ ಒಮ್ಮೆ ‘ಒಳಾಂಗಣ ವಿನ್ಯಾಸ’ ಎನ್ನುತ್ತದೆ, ಇನ್ನೊಮ್ಮೆ ‘ಒಳಾಂಗಣ ಅಲಂಕಾರ’ ಎನ್ನುತ್ತದೆ. ಎರಡೂ ಒಂದೇ ಎಂದುಕೊಂಡು ಓದಿ ಮುಂದೆ ಸಾಗುತ್ತೇವೆ. ಆದರೆ ಇವುಗಳ ನಡುವಿನ ಗೆರೆ ಅಳಿಸಿಹೋದರೆ ಅದರ ಕಷ್ಟ ಆ ಮನೆಯಲ್ಲಿ ಬಾಳುವವರಿಗೇ ತಟ್ಟುತ್ತದೆ.

ಅಲಂಕಾರದಿಂದಲೇ ಶುರು ಮಾಡೋಣ. ಸಂಸ್ಕೃತದ ‘ಅಲಂ’ ಎಂದರೆ ಸಾಕು, ಪೂರ್ಣ. ಪೂರ್ಣಗೊಳಿಸುವುದೇ ಅಲಂಕಾರ. ದೇವಸ್ಥಾನಕ್ಕೆ ಹೋಗುವ ಎಲ್ಲರಿಗೂ ಈ ಪದದ ಸ್ವಭಾವ ಗೊತ್ತು. ಇಂದು ಬೆಣ್ಣೆ ಅಲಂಕಾರ, ನಾಳೆ ಹೂವಿನ ಅಲಂಕಾರ. ಮುಡಿಸಿದ ಹೂವೆಲ್ಲ ಮರುದಿನಕ್ಕೆ ನಿರ್ಮಾಲ್ಯ. ಹೊಸ್ತಿಲ ರಂಗೋಲಿ, ಯುಗಾದಿಯ ಮಾವಿನ ತೋರಣ, ಸಾಗರ-ಸೊರಬದ ಕಡೆ ದೀವರ ಹೆಣ್ಣುಮಕ್ಕಳು ಗೋಡೆಯ ಮೇಲೆ ಬರೆಯುವ ಚಿತ್ತಾರ, ಇವೆಲ್ಲ ಅಳಿಸಿ ಮತ್ತೆ ಬರೆಯುವ, ಬಾಡಿದ ಮೇಲೆ ಮತ್ತೆ ಕಟ್ಟುವ ಕಲೆಗಳು. ಬದಲಾಗುವುದೇ ಅಲಂಕಾರದ ಸೊಗಸು. ಅದು ಕೀಳು ಕೆಲಸವೆಂದು ನಾನು ಒಪ್ಪಲಾರೆ.

ವಿನ್ಯಾಸದ ಹೊಟ್ಟೆಯಲ್ಲಿರುವುದು ‘ನ್ಯಾಸ’, ಅಂದರೆ ಇಡುವುದು. ಯಾವುದನ್ನು ಎಲ್ಲಿಡಬೇಕು, ಏಕೆ ಅಲ್ಲೇ ಇಡಬೇಕು ಎಂಬ ನಿರ್ಧಾರ ಅದು. ಒಂಬತ್ತನೆಯ ಶತಮಾನದ ಕಾಶ್ಮೀರದಲ್ಲಿ ಕಾವ್ಯಮೀಮಾಂಸಕ ಆನಂದವರ್ಧನ ಕಾವ್ಯದ ಬಗ್ಗೆ ಇಂಥದ್ದೇ ಒಂದು ಗೆರೆ ಎಳೆದಿದ್ದ. ಗುಣಗಳು ಕಾವ್ಯದ ಆತ್ಮವಾದ ರಸವನ್ನು ಆಶ್ರಯಿಸಿರುತ್ತವೆ, ಅಲಂಕಾರಗಳು ಕೈಬಳೆಯಂತೆ ಅಂಗಗಳನ್ನು ಆಶ್ರಯಿಸಿರುತ್ತವೆ ಎಂಬುದು ಅವನ ನಿಲುವು. ಮನೆಗೂ ಈ ಮಾತು ಸಲ್ಲುತ್ತದೆ: ವಿನ್ಯಾಸ ಗುಣದಂತೆ, ಅಲಂಕಾರ ಬಳೆಯಂತೆ.

‘ಒಳಾಂಗಣ’ದ ಕತೆಯೂ ಇದಕ್ಕೆ ಹೊಂದಿಕೊಂಡೇ ಇದೆ. ಒಳಗಿನ ಅಂಗಳ ಎಂಬುದು ಅದರ ನೇರ ಅರ್ಥ. ತೊಟ್ಟಿಮನೆಯ ನಟ್ಟನಡುವೆ ಆಕಾಶಕ್ಕೆ ತೆರೆದ ಜಾಗವನ್ನು ಹಾಗೆನ್ನಬಹುದು. ಇವತ್ತು ಸೂರು ಮುಚ್ಚಿದ ಜಾಗವೆಲ್ಲ ಒಳಾಂಗಣವೇ, ಕೋರಮಂಗಲದ ಕ್ರೀಡಾಂಗಣವೂ ಸೇರಿ. ಹಳೆಯ ತೊಟ್ಟಿಮನೆಗಳಲ್ಲಿ ಬೆಳಕು ಎಲ್ಲಿಂದ ಇಳಿಯಬೇಕು, ಮಳೆನೀರು ಎಲ್ಲಿ ಹರಿಯಬೇಕು, ಒಲೆಯ ಹೊಗೆ ಯಾವ ಕಡೆ ಏರಬೇಕು ಎಂಬುದನ್ನು ಕಟ್ಟುವಾಗಲೇ ಯೋಚಿಸಿರುತ್ತಿದ್ದರು. ಜಗಲಿಯವರೆಗೆ ಯಾರು, ಪಡಸಾಲೆಯವರೆಗೆ ಯಾರು, ನಡುಮನೆ ದಾಟುವವರು ಯಾರು ಎಂಬುದನ್ನೂ ಗೋಡೆಗಳೇ ಹೇಳುತ್ತಿದ್ದವು. ಜಾತಿಯ ಕಟ್ಟಳೆ, ಹೆಣ್ಣಿನ ಮೇಲಿನ ಕಟ್ಟುಪಾಡು ಆ ಯೋಜನೆಯಲ್ಲೇ ಬೆರೆತಿದ್ದವು. ವಿನ್ಯಾಸಕ್ಕೆ ಇರುವ ಬಲ ಇಷ್ಟು: ಅದು ಮನುಷ್ಯರನ್ನು ಒಳಗೆ ಕರೆಯಬಲ್ಲದು, ಹೊರಗೂ ನಿಲ್ಲಿಸಬಲ್ಲದು.

ಅಮೆರಿಕದಲ್ಲಿ ಒಳಾಂಗಣ ವಿನ್ಯಾಸದ ವೃತ್ತಿ ಮೊದಲು ಅಲಂಕಾರದ ಹೆಸರಿನಲ್ಲೇ ಬೆಳೆಯಿತು. ಲೇಖಕಿ ಎಡಿತ್ ವಾರ್ಟನ್ ಮತ್ತು ವಾಸ್ತುಶಿಲ್ಪಿ ಆಗ್ಡನ್ ಕಾಡ್ಮನ್ 1897ರಲ್ಲಿ ಮನೆಗಳ ಅಲಂಕಾರದ ಬಗ್ಗೆ ಪುಸ್ತಕ ತಂದರು. ಎಲ್ಸಿ ಡಿ ವುಲ್ಫ್ ನ್ಯೂಯಾರ್ಕ್‌ನ ಕಾಲನಿ ಕ್ಲಬ್ಬಿನ ಒಳಭಾಗವನ್ನು ಹಗುರ ಬಣ್ಣ, ಹೂಬಳ್ಳಿಯ ಬಟ್ಟೆಗಳಿಂದ ಬೆಳಗಿಸಿ ಹೆಸರಾದಳು. 1931ರಲ್ಲಿ ಹುಟ್ಟಿದ ವೃತ್ತಿಸಂಘ ಡೆಕೊರೇಟರ್‌ಗಳದ್ದಾಗಿತ್ತು. 1975ರಲ್ಲಿ ಅದು ಇನ್ನೊಂದು ಸಂಘದ ಜೊತೆ ಸೇರಿ ಹೊಸದಾದಾಗ ಹೆಸರಿನಲ್ಲಿ ಉಳಿದವರು ಡಿಸೈನರ್‌ಗಳು. ಕಚೇರಿ, ಆಸ್ಪತ್ರೆ, ಹೋಟೆಲುಗಳ ಕೆಲಸ ಬಂದಂತೆ ಬೆಂಕಿಯ ನಿಯಮ, ವಿದ್ಯುತ್ತು, ಬೆಳಕು, ಓಡಾಟದ ದಾರಿ ಎಲ್ಲವನ್ನೂ ಅರಿತವರು ಬೇಕಾದರು.

ಈ ಅರಿವಿಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ 1942ರ ನವೆಂಬರ್ 28ರ ರಾತ್ರಿ ಸಾಕ್ಷಿ. ಬಾಸ್ಟನ್ನಿನ ಕೋಕೊನಟ್ ಗ್ರೋವ್ ನೈಟ್‌ಕ್ಲಬ್ಬಿನಲ್ಲಿ ಕೃತಕ ತಾಳೆಮರಗಳಿದ್ದವು, ಮೇಲೆ ಬಟ್ಟೆ ಹೊದಿಸಿದ ಚಾವಣಿ ಇತ್ತು. ನೆಲಮಾಳಿಗೆಯಲ್ಲಿ ಹತ್ತಿದ ಬೆಂಕಿ ಆ ಸಿಂಗಾರವನ್ನೇ ಹಿಡಿದು ಓಡಿತು. ಮುಂಬಾಗಿಲು ತಿರುಗುವ ಬಾಗಿಲು. ಜನ ಒತ್ತಿ ನಿಂತಾಗ ಅದು ಸಿಕ್ಕಿಕೊಂಡಿತು. ಬೇರೆ ಬಾಗಿಲುಗಳಲ್ಲಿ ಕೆಲವಕ್ಕೆ ಬೀಗ, ಕೆಲವು ಒಳಕ್ಕೆ ತೆರೆಯುವಂಥವು. 492 ಮಂದಿ ಸತ್ತರು. ತಿರುಗುವ ಬಾಗಿಲಿನ ಪಕ್ಕದಲ್ಲಿ ಹೊರಕ್ಕೆ ತೆರೆಯುವ ಬಾಗಿಲು ಇರಬೇಕೆಂಬ ನಿಯಮ ಆ ಸಾವುಗಳ ಫಲ. ಬಾಗಿಲು ಒಳಕ್ಕೋ ಹೊರಕ್ಕೋ ಎಂಬುದು ಯಾವ ಫೋಟೊದಲ್ಲೂ ಎದ್ದು ಕಾಣುವುದಿಲ್ಲ, ಆದರೆ ಜೀವ ಉಳಿಸುವುದು ಅದೇ. ನಮ್ಮ ಬೆಂಗಳೂರೂ 2010ರ ಫೆಬ್ರುವರಿ 23ರಂದು ಕಾರ್ಲ್‌ಟನ್ ಟವರ್ಸ್ ಎಂಬ ಕಚೇರಿ ಕಟ್ಟಡದ ಅಗ್ನಿ ದುರಂತದಲ್ಲಿ 9 ಜನರನ್ನು ಕಳೆದುಕೊಂಡಿತು.

ಇಂಥ ಅರಿವು ಯಾರಿಗಿದೆ ಎಂದು ತಿಳಿಯುವುದು ಹೇಗೆ? ನಮ್ಮಲ್ಲಿ ‘ಆರ್ಕಿಟೆಕ್ಟ್’ ಎಂಬ ಬಿರುದಿಗೆ 1972ರ ಕಾಯ್ದೆಯ ರಕ್ಷಣೆ ಇದೆ. ನೋಂದಣಿ ಇಲ್ಲದವರು ಅದನ್ನು ಬಳಸುವಂತಿಲ್ಲ. ‘ಇಂಟೀರಿಯರ್ ಡಿಸೈನರ್’ ಎಂಬುದಕ್ಕೆ ಅಂಥ ಬೇಲಿ ಇಲ್ಲ. ಹಾಗಾಗಿ ವಿಚಾರಿಸಿಕೊಳ್ಳುವ ಹೊಣೆ ಮನೆ ಮಾಡಿಸುವವರದೇ.

ನೀವು ಒಪ್ಪಿಸುತ್ತಿರುವ ಕೆಲಸ ಯಾವುದು ಎಂದು ಮೊದಲು ನಿಮಗೇ ಸ್ಪಷ್ಟವಾಗಲಿ. ಪರದೆ, ಬಣ್ಣ, ದಿಂಬು, ಚಿತ್ರಪಟ ಬದಲಾಗಬೇಕಿದ್ದರೆ ಚೆನ್ನಾಗಿ ಅಲಂಕಾರ ಮಾಡುವವರನ್ನು ಕರೆಯಿರಿ, ಅವರ ಕಣ್ಣಿಗೆ ಬೆಲೆ ಕೊಡಿ. ಗೋಡೆ, ನೀರಿನ ಕೊಳವೆ, ವಿದ್ಯುತ್ತು, ಓಡಾಟದ ದಾರಿ ಬದಲಾಗುವುದಿದ್ದರೆ ಪ್ರಶ್ನೆಗಳೇ ಬೇರೆ. ಅಡುಗೆ ಕಟ್ಟೆಯ ಎತ್ತರ ಅಡುಗೆ ಮಾಡುವವರ ಮೊಣಕೈಗೆ ಹೊಂದುತ್ತದೆಯೇ? ಅಜ್ಜಿಗೆ ನಾಳೆ ಗಾಲಿಕುರ್ಚಿ ಬೇಕಾದರೆ ಬಚ್ಚಲಿನ ಬಾಗಿಲಲ್ಲಿ ಅದು ನುಗ್ಗುತ್ತದೆಯೇ? ಒದ್ದೆ ನೆಲದಲ್ಲಿ ಹಿಡಿಯಲು ಆಸರೆ ಇದೆಯೇ? ರಾತ್ರಿ ಹೊಗೆ ತುಂಬಿದರೆ ಮಕ್ಕಳು ಯಾವ ದಾರಿಯಲ್ಲಿ ಹೊರಬರುತ್ತಾರೆ? ನೀವು ಕೇಳುವ ಮುಂಚೆಯೇ ಈ ಪ್ರಶ್ನೆಗಳನ್ನು ಎತ್ತುವವರು ವಿನ್ಯಾಸಕರು. ಬಣ್ಣ ತಪ್ಪಾದರೆ ಒಂದು ವಾರದಲ್ಲಿ ಬದಲಿಸಬಹುದು. ಬಾಗಿಲು ತಪ್ಪಾದರೆ ಆ ತಪ್ಪಿನೊಡನೆ ವರ್ಷಗಟ್ಟಲೆ ಬಾಳಬೇಕು. ಅದಕ್ಕೇ ವಿನ್ಯಾಸವನ್ನು ವಿನ್ಯಾಸವೆಂದೇ, ಅಲಂಕಾರವನ್ನು ಅಲಂಕಾರವೆಂದೇ ಕರೆಯೋಣ, ಮೊದಲನೆಯದನ್ನು ಮೊದಲೇ ಮಾಡಿಸೋಣ.